ರಂಗಮಂದಿರದ ಬೀಗದ ಕೈ ಕೇಳಿ ನಮ್ಮ ಪುರಸಭೆಗೆ ಒಂದು ಬಹಿರಂಗ ಪತ್ರ

ಮಾನ್ಯ ಪುರಸಭೆ ಅಧ್ಯಕ್ಷರಿಗೆ, ಉಪಾಧ್ಯಕ್ಷರಿಗೆ, ಎಲ್ಲಾ ವಾರ್ಡುಗಳ ಸದಸ್ಯರಿಗೆ ಮತ್ತು ಮುಖ್ಯಾಧಿಕಾರಿಗಳಿಗೆ,

ನಮಸ್ಕಾರ. ನಾನು ಈ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 36 ವರ್ಷ ಪಾಠ ಮಾಡಿ ನಿವೃತ್ತಳಾದ ಟೀಚರ್. ನಿಮ್ಮಲ್ಲಿ ಇಬ್ಬರು ನನ್ನ ಕ್ಲಾಸಿನಲ್ಲೇ ಕೂತು ಕಾಗುಣಿತ ಕಲಿತವರು. ಆ ಸಲುಗೆಯಿಂದ ಕೆಲವು ಮಾತು ನೇರವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮೂರ ರಂಗಮಂದಿರದ ಬಗ್ಗೆ ಈಗಾಗಲೇ ಎರಡು ಸಲ ಮನವಿ ಕೊಟ್ಟಿದ್ದೇವೆ. ಎರಡಕ್ಕೂ ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿಕೊಂಡ ಪ್ರತಿ ನನ್ನ ಹತ್ತಿರ ಇದೆ. ಉತ್ತರ ಮಾತ್ರ ಬಂದಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಊರಿನ ಹೆಸರು ಹಾಕಿಲ್ಲ. ಯಾವ ಊರು ಅಂತ ನಿಮಗೂ ಗೊತ್ತು, ನಮ್ಮವರಿಗೂ ಗೊತ್ತು. ಬೇರೆ ಕಡೆಯಿಂದ ಓದುವ ಎಷ್ಟೋ ಜನಕ್ಕೆ ಇದು ತಮ್ಮೂರಿನ ಮಾತೇ ಅನಿಸಬಹುದು.

ಮೊದಲು ಜನವರಿಯಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ. ನಿವೃತ್ತಿಯಾದ ಮೇಲೂ ನಾನು ಶಾಲೆಗೆ ಹೋಗಿ ಮಕ್ಕಳಿಗೆ ನಾಟಕ ಕಲಿಸುತ್ತೇನೆ. ಈ ಸಲ 22 ಮಕ್ಕಳಿದ್ದರು. ತೋಟದ ಕೂಲಿಗೆ ಹೋಗುವವರ, ಗಾರೆ ಕೆಲಸದವರ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರ ಮಕ್ಕಳು. ನವೆಂಬರ್ ಕೊನೆಯಿಂದ ಒಂದೂವರೆ ತಿಂಗಳು ಶಾಲೆ ಬಿಟ್ಟ ಮೇಲೆ ತಾಲೀಮು ಮಾಡಿದೆವು. ಕಾಡಿನ ಪ್ರಾಣಿಗಳ ಒಂದು ಸಣ್ಣ ನಾಟಕ, ಮಾತೆಲ್ಲ ಮಕ್ಕಳೇ ಕೂಡಿಸಿ ಬರೆದದ್ದು. ರಂಗಮಂದಿರಕ್ಕೆ ಡಿಸೆಂಬರಿನಲ್ಲೇ ಬಾಡಿಗೆ ಕಟ್ಟಿ ರಶೀದಿ ತೆಗೆದುಕೊಂಡಿದ್ದೆವು. ನಾಟಕಕ್ಕೆ ಇನ್ನೆರಡು ದಿನ ಇದೆ ಅನ್ನುವಾಗ ಕಚೇರಿಯಿಂದ ಫೋನು ಬಂತು. ಸೀರೆ ಮಾರಾಟ ಮೇಳಕ್ಕೆ ಹತ್ತು ದಿನ ಕೊಟ್ಟಾಗಿದೆ, ನಿಮ್ಮದು ಒಂದು ಗಂಟೆಯ ಕಾರ್ಯಕ್ರಮ ಅಲ್ವಾ ಟೀಚರ್, ಶಾಲೆ ಮೈದಾನದಲ್ಲೇ ಮಾಡಿಕೊಳ್ಳಿ ಅಂದರು.

ಮಾಡಿದೆವು. ಬೇರೆ ದಾರಿ ಇರಲಿಲ್ಲ. ಬಯಲಲ್ಲಿ ಚಳಿ, ಪಕ್ಕದಲ್ಲೇ ಹೆದ್ದಾರಿ, ಎರಡು ಟ್ಯೂಬ್‌ಲೈಟು, ಊರ ಹಬ್ಬಕ್ಕೆ ತರುವ ಮೈಕು. ಅಳಿಲಿನ ಪಾತ್ರ ಮಾಡಿದ ಹುಡುಗಿಯ ದನಿ ಮೊದಲೇ ಸಣ್ಣದು. ಆ ದನಿ ಹಿಂದಿನ ಸಾಲಿನವರೆಗೆ ಹೋಗಲಿ ಅಂತ ಆರು ವಾರ ಅವಳ ಜೊತೆ ಕೂತು ಕಲಿಸಿದ್ದೆ. ರಂಗಮಂದಿರದಲ್ಲಿ ಒಂದು ದಿನ ಬೀಗ ತೆಗೆಸಿ, ಅವಳನ್ನು ವೇದಿಕೆ ಮೇಲೆ ನಿಲ್ಲಿಸಿ, ನಾನು ಕಟ್ಟಕಡೆಯ ಕುರ್ಚಿಯಲ್ಲಿ ಕೂತು ಕೇಳಿಯೂ ಇದ್ದೆ, ಪ್ರತಿ ಅಕ್ಷರ ಕೇಳಿಸಿತ್ತು. ಮೈದಾನದಲ್ಲಿ ಅವಳು ಬಾಯಿ ಆಡಿಸುತ್ತಿದ್ದದ್ದು ಮಾತ್ರ ಕಾಣುತ್ತಿತ್ತು, ಲಾರಿಗಳು ಹೋಗುತ್ತಲೇ ಇದ್ದವು. ಅವಳ ಅಮ್ಮ ಹೋಟೆಲ್ ಕೆಲಸ ಮುಗಿಸಿ ಓಡಿಕೊಂಡು ಬಂದು ಹಿಂದೆ ನಿಂತಿದ್ದರು. ನಾಟಕ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಏನಂದ್ಲು ಟೀಚರ್ ನಮ್ ಹುಡ್ಗಿ?" ಅಂತ ಕೇಳಿದರು. ನಾನು ಅವಳ ಮಾತುಗಳನ್ನು ಅಲ್ಲೇ ನಿಂತು ಒಂದೊಂದಾಗಿ ಹೇಳಿದೆ. ಕಟ್ಟಿದ ಬಾಡಿಗೆ ವಾಪಸ್ ಬಂದದ್ದು ಮಾರ್ಚಿನಲ್ಲಿ. ಅದರ ಬಗ್ಗೆ ನನ್ನ ದೂರಿಲ್ಲ.

ದೂರು ಇರುವುದು ಆ ಕಟ್ಟಡವನ್ನು ನೀವು ಏನು ಅಂತ ತಿಳಿದುಕೊಂಡಿದ್ದೀರಿ ಅನ್ನುವುದರ ಬಗ್ಗೆ. ಒಳಗೆ ಹೋಗಿ ನೋಡಿ ಎಷ್ಟು ದಿನವಾಯಿತು? ನಾನು ಹೋದ ವಾರ ಹೋಗಿದ್ದೆ. ಮುಂದಿನ ಪರದೆಯ ಹಗ್ಗ ತುಂಡಾಗಿ ಒಂದು ಕಡೆ ಗಂಟು ಕಟ್ಟಿ ಬಿಟ್ಟಿದ್ದಾರೆ. ಬಣ್ಣ ಹಚ್ಚುವ ಕೋಣೆಯಲ್ಲಿ ಸೊಳ್ಳೆಗೆ ಹೊಗೆ ಬಿಡುವ ಮೆಷಿನ್ನು, ಮುರಿದ ಕಸದ ಡಬ್ಬಿಗಳು, ಹಳೇ ಫ್ಲೆಕ್ಸುಗಳ ರಾಶಿ. ಕನ್ನಡಿ ಇದ್ದ ಗೋಡೆಯಲ್ಲಿ ಕನ್ನಡಿ ಇಲ್ಲ, ನಾಲ್ಕು ಮೊಳೆ ಇದೆ. ಹೆಂಗಸರ ಶೌಚಾಲಯಕ್ಕೆ ಬೀಗ, ಗಂಡಸರದ್ದರಲ್ಲಿ ನೀರಿಲ್ಲ. ವೇದಿಕೆಯ ಹಲಗೆ ಎಡಗಡೆ ಮೂಲೆಯಲ್ಲಿ ಕುಸಿದಿದೆ, ಅಲ್ಲಿ ಯಾರಾದರೂ ಕುಣಿದರೆ ಕಾಲು ಒಳಗೆ ಹೋಗುತ್ತದೆ. ಮಳೆಗಾಲದಲ್ಲಿ ಎಲ್ಲಿ ಸೋರುತ್ತದೆ ಅನ್ನುವುದು ಗೋಡೆ ನೋಡಿದರೆ ಗೊತ್ತಾಗುತ್ತದೆ. ಮಕ್ಕಳ ನಾಟಕಕ್ಕೂ ಮದುವೆಗೂ ಮಾರಾಟ ಮೇಳಕ್ಕೂ ಒಂದೇ ಬಾಡಿಗೆ. ನಮ್ಮ ಯಕ್ಷಗಾನದ ಹುಡುಗರು ಆ ಬಾಡಿಗೆ ಕಟ್ಟಲಾರದೆ ಈಗ ದೇವಸ್ಥಾನದ ಹಿಂದಿನ ಗೋದಾಮಿನಲ್ಲಿ ತಾಲೀಮು ಮಾಡುತ್ತಾರೆ.

ಇದೆಲ್ಲ ಸರಿ ಮಾಡಿ ಅಂತ ನಾವು ಮನವಿ ಬರೆದರೆ, ಅತ್ತ ಬೇರೆಯೇ ಮಾತು ಕೇಳಿಬರುತ್ತಿದೆ. ರಂಗಮಂದಿರವನ್ನು 15 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಡುವುದು, ಮುಂದಿನ ಜಾಗದಲ್ಲಿ ಮಳಿಗೆ ಕಟ್ಟುವುದು, ಒಳಗೆ ವೇದಿಕೆ ತೆಗೆದು ಎಸಿ ಹಾಕಿ ಕನ್ವೆನ್ಷನ್ ಹಾಲ್ ಮಾಡುವುದು. ಮುಂದಿನ ಸಾಮಾನ್ಯ ಸಭೆಯ ವಿಷಯಗಳಲ್ಲಿ ಇದೂ ಇದೆ ಅಂತ ಇಬ್ಬರು ಸದಸ್ಯರೇ ನನಗೆ ಹೇಳಿದ್ದಾರೆ. ಸುಳ್ಳಾದರೆ ಸುಳ್ಳು ಅಂತ ಹೇಳಿ, ತುಂಬಾ ಸಂತೋಷಪಡುತ್ತೇನೆ.

ಆ ಜಾಗದ ಕಥೆ ನಿಮ್ಮಲ್ಲಿ ಕಿರಿಯರಿಗೆ ಗೊತ್ತಿರಲಿಕ್ಕಿಲ್ಲ. ರಂಗಮಂದಿರ ಕಟ್ಟುವ ಮೊದಲು ಅದು ಕಂಪನಿ ನಾಟಕದವರು ಬಂದು ಟೆಂಟು ಹಾಕುತ್ತಿದ್ದ ಬಯಲು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಿಂದ ಹಿಡಿದು ಎಷ್ಟೋ ಕಂಪನಿಗಳು ಕರ್ನಾಟಕದ ಊರೂರು ಸುತ್ತಿದ ಕಾಲ ಇತ್ತು. ಒಂದು ಊರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪು ಹಾಕಿ, ಕಲೆಕ್ಷನ್ ಬಿದ್ದುಹೋದಾಗ ಮುಂದಿನ ಊರಿಗೆ ಹೊರಡುತ್ತಿದ್ದರು. ನಮ್ಮಲ್ಲಿಗೆ ಸಣ್ಣ ಕಂಪನಿಗಳು ಬರುತ್ತಿದ್ದವು. ನಮ್ಮಜ್ಜಿ ಮನೆಯಿಂದ ಚಾಪೆ ಒಯ್ದು ನೆಲದ ಟಿಕೆಟಿನಲ್ಲಿ ಕೂತು ನೋಡಿದ ನಾಟಕಗಳ ಹಾಡನ್ನು ಕೊನೆಯವರೆಗೂ ಹೇಳುತ್ತಿದ್ದರು, ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆಮೇಲೆ ಕಂಪನಿಗಳು ಬರುವುದು ನಿಂತಿತು. ಬಯಲು ಖಾಲಿ ಬಿತ್ತು. ಆಗ ಊರಿನವರೇ ಸೇರಿ ಒಂದು ರಂಗಮಂದಿರ ಬೇಕು ಅಂತ ಓಡಾಡಿದರು. ತೋಟದವರು ಅಡಿಕೆ ಕೊಯ್ಲು ಮುಗಿದ ಮೇಲೆ ಮೂಟೆ ಲೆಕ್ಕದಲ್ಲಿ ಕೊಟ್ಟರು. ಮಹಿಳಾ ಸಮಾಜದವರು ಸಂಡಿಗೆ, ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರಿ ಕೊಟ್ಟರು. ಹಮಾಲರ ಸಂಘದವರು ದುಡ್ಡಿನ ಬದಲು ಹದಿನೈದು ದಿನದ ಕೆಲಸ ಕೊಟ್ಟರು. ಸರ್ಕಾರದ ಅನುದಾನ ಕೊನೆಗೆ ಬಂತು, ಚಾವಣಿಗೆ. ಬಾಗಿಲ ಬಲಗಡೆ ಆ ಎಲ್ಲರ ಹೆಸರಿನ ಕಲ್ಲಿತ್ತು. ಎರಡು ವರ್ಷದ ಹಿಂದೆ ಸುಣ್ಣಬಣ್ಣ ಮಾಡಿದಾಗ ಅದರ ಮೇಲೂ ಹಳದಿ ಪೇಂಟು ಬಳಿದರು. ಕೈಯಿಂದ ಸವರಿದರೆ ಅಕ್ಷರ ಈಗಲೂ ಸಿಗುತ್ತದೆ.

ಆಮೇಲೆ ಕಾಗದದ ಮೇಲೆ ಅದು ಪುರಸಭೆಗೆ ಹೋಯಿತು. ಪುರಸಭೆ ಚೆನ್ನಾಗಿ ನೋಡಿಕೊಳ್ಳುತ್ತದೆ ಅಂತ ನಂಬಿ ಹಿರಿಯರು ಸಹಿ ಹಾಕಿದರು.

ಈಗ ನಿಮ್ಮ ಮುಖ್ಯ ವಾದಕ್ಕೆ ಬರುತ್ತೇನೆ. ಹೋದ ಸಲ ನಾನು ಕಚೇರಿಗೆ ಬಂದಾಗ ಒಬ್ಬ ಸದಸ್ಯರು ಪ್ರೀತಿಯಿಂದಲೇ ಹೇಳಿದರು, "ಟೀಚರ್, ಮೊಬೈಲ್ ಕಾಲದಲ್ಲಿ ನಾಟಕ ಯಾರು ನೋಡ್ತಾರೆ? ಜನಾನೇ ಬರಲ್ಲ. ಖಾಲಿ ಬಿಲ್ಡಿಂಗ್ ಇಟ್ಕೊಂಡು ಏನು ಮಾಡೋದು?" ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಅದಕ್ಕೆ ಉತ್ತರವಾಗಿ ನಾನು ಹೆಗ್ಗೋಡಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಜಿಲ್ಲೆಯದೇ ಕಥೆ. ಆದರೂ ನಿಮ್ಮಲ್ಲಿ ಎಷ್ಟೋ ಜನ ಅಲ್ಲಿಗೆ ಹೋಗಿಲ್ಲ ಅಂತ ಗೊತ್ತು.

ಹೆಗ್ಗೋಡು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟ, ಗುಡ್ಡ, ದೂರ ದೂರಕ್ಕೆ ಮನೆ. ನಮ್ಮೂರಿಗೆ ಹೋಲಿಸಿದರೆ ತುಂಬಾ ಸಣ್ಣದು. ಅಲ್ಲಿ 1949ರಲ್ಲಿ ಒಂದಷ್ಟು ಜನ ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಅಂತ ಮಾಡಿಕೊಂಡರು. ಅದೇ ನೀನಾಸಂ. ಊರ ದೇವರ ಹೆಸರು, ಊರವರದೇ ನಾಟಕ. ಆ ಥರದ ನಾಟಕ ಸಂಘ ಆಗ ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಇತ್ತು. ಸುಗ್ಗಿ ಮುಗಿದ ಮೇಲೆ ಒಂದು ನಾಟಕ, ಆಮೇಲೆ ವರ್ಷವಿಡೀ ಸುಮ್ಮನೆ. ಹೆಗ್ಗೋಡಿನವರು ಸುಮ್ಮನಾಗಲಿಲ್ಲ, ಅಷ್ಟೇ ವ್ಯತ್ಯಾಸ. ಮುಂದೆ ನೀನಾಸಂ ಅನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಆಗ ಹದಿನೇಳು ವರ್ಷದ ಹುಡುಗ. ಮೈಸೂರಿನಲ್ಲಿ ಓದು ಮುಗಿಸಿ, ಅಲ್ಲೇ ನೌಕರಿ ಹುಡುಕದೆ, ವಾಪಸ್ ತೋಟಕ್ಕೂ ಸಂಘಕ್ಕೂ ಬಂದರು.

1972ರಲ್ಲಿ ಅಲ್ಲಿ ಶಿವರಾಮ ಕಾರಂತ ರಂಗಮಂದಿರ ಆಯಿತು. ಗಮನಿಸಿ, ಸಂಘ ಹುಟ್ಟಿ 23 ವರ್ಷ ಆದ ಮೇಲೆ. ಅಷ್ಟು ವರ್ಷ ಕಟ್ಟಡ ಇಲ್ಲದೇ ಜನರನ್ನು ಸೇರಿಸಿಕೊಂಡು ನಡೆದಿದ್ದರು. ನಮ್ಮಲ್ಲಿ ಕಟ್ಟಡ ಇದೆ, ಜನ ಇಲ್ಲ ಅಂತ ನೀವು ಹೇಳುತ್ತಿದ್ದೀರಿ. ಕಟ್ಟಡ ಬಂದ ಮರುವರ್ಷವೇ, 1973ರಲ್ಲಿ, ಚಿತ್ರಸಮಾಜ ಶುರು ಮಾಡಿದರು. ಬಂಗಾಳದ್ದು, ಜಪಾನಿನದ್ದು, ಇಟಲಿಯದ್ದು, ರಷ್ಯಾದ್ದು, ಎಲ್ಲೆಲ್ಲಿಯ ಸಿನಿಮಾನೋ ತರಿಸಿ ತೋರಿಸಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥ ಆಗುತ್ತದಾ ಅಂತ ಆಗಲೂ ಕೇಳಿದವರು ಇದ್ದರು. ಇಟಲಿಯ 'ಬೈಸಿಕಲ್ ಥೀವ್ಸ್' ಸಿನಿಮಾದಲ್ಲಿ ಸೈಕಲ್ಲು ಕಳೆದುಕೊಂಡ ಬಡವನ ಕಷ್ಟ ಅರ್ಥ ಮಾಡಿಕೊಳ್ಳಲು ಇಟಲಿ ಭಾಷೆ ಬರಬೇಕಾ? ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹದ್ದೂರ್ ಅವರಂಥವರು ಆ ಹಳ್ಳಿಗೆ ಬಂದು ಸಿನಿಮಾ ನೋಡುವುದು ಹೇಗೆ ಅಂತ ಪಾಠ ಮಾಡಿದರು. ಬೆಳಿಗ್ಗೆ ತೋಟದ ಕೆಲಸ ಮಾಡಿ ಬಂದವರು ಕೂತು ಕೇಳಿದರು.

1980ರಲ್ಲಿ ರಂಗಶಿಕ್ಷಣ ಕೇಂದ್ರ. ಹತ್ತು ತಿಂಗಳ ಕೋರ್ಸು, ನಟನೆಯಿಂದ ಹಿಡಿದು ಬೆಳಕು, ಸೆಟ್ಟು, ಪ್ರಸಾಧನದವರೆಗೆ. ಅಲ್ಲಿ ಕಲಿತವರು ಕರ್ನಾಟಕದ ಮೂಲೆಮೂಲೆಗೆ ಹೋಗಿ ಶಾಲೆಗಳಲ್ಲಿ, ತಂಡಗಳಲ್ಲಿ, ರಂಗಾಯಣದಲ್ಲಿ ಕೆಲಸ ಮಾಡಿದರು. ನಮ್ಮ ಶಾಲೆಗೆ ಒಮ್ಮೆ ಬೇಸಿಗೆ ಶಿಬಿರ ಮಾಡಲು ಬಂದಿದ್ದ ಹುಡುಗ ಅಲ್ಲಿಯವನೇ. 1983ರ ಹೊತ್ತಿಗೆ ಜನಸ್ಪಂದನ ಅನ್ನುವ ಯೋಜನೆ ಹಾಕಿಕೊಂಡು, ಫೋರ್ಡ್ ಫೌಂಡೇಶನ್ ನೆರವಿನಿಂದ, ಬೇರೆ ಬೇರೆ ಊರುಗಳಲ್ಲಿ ನಾಟಕ ಮತ್ತು ಸಿನಿಮಾ ಶಿಬಿರ ನಡೆಸಿದರು. ತಮ್ಮೂರಿನಲ್ಲಿ ಆದದ್ದು ಬೇರೆಯವರಿಗೂ ಆಗಲಿ ಅಂತ.

1985ರಲ್ಲಿ ತಿರುಗಾಟ, ಅಂದರೆ ಊರೂರು ಸುತ್ತಿ ನಾಟಕ ಆಡುವ ನೀನಾಸಂ ತಂಡ. ಇದನ್ನು ನಾನೇ ನೋಡಿದ್ದೇನೆ. ನೌಕರಿಗೆ ಸೇರಿದ ಹೊಸತು, ತಿರುಗಾಟದವರು ನಮ್ಮೂರಿಗೆ ಬಂದರು, ಇದೇ ರಂಗಮಂದಿರಕ್ಕೆ. ಬೆಳಿಗ್ಗೆ ವ್ಯಾನು ಬಂದು ನಿಂತಿತು. ನಟರೇ ಇಳಿದು ಸೆಟ್ಟಿನ ಸಾಮಾನು ಹೊತ್ತರು, ನಟರೇ ಏಣಿ ಹತ್ತಿ ಲೈಟು ಕಟ್ಟಿದರು, ಮೊಳೆ ಹೊಡೆದರು, ವೇದಿಕೆ ಗುಡಿಸಿದರು. ಸಂಜೆ ಅವರೇ ರಾಜ, ರಾಣಿ, ಕಳ್ಳ, ಸಿಪಾಯಿ. ಅದನ್ನು ನೋಡಿದ ನಮ್ಮ ಶಾಲೆಯ ಮಕ್ಕಳಿಗೆ ಕೆಲಸದಲ್ಲಿ ಮೇಲು ಕೀಳು ಇಲ್ಲ ಅಂತ ನಾನು ಬೇರೆ ಪಾಠ ಮಾಡಬೇಕಾಗಿ ಬರಲಿಲ್ಲ. ಮೊದಲ ವರ್ಷ ಜನ ಕಮ್ಮಿ. ಅರ್ಧ ಕುರ್ಚಿ ಖಾಲಿ. ಎರಡನೇ ವರ್ಷ ಮುಕ್ಕಾಲು ತುಂಬಿತು. ನಾಲ್ಕನೇ ವರ್ಷ ನಾನು ಮತ್ತು ನನ್ನ ಅಕ್ಕ ನಿಂತುಕೊಂಡು ನೋಡಿದೆವು. ಅದೇ ಕಟ್ಟಡ, ಅದೇ ಊರು, ಅದೇ ಜನ. ಪ್ರತಿ ವರ್ಷ ಅದೇ ಸಮಯಕ್ಕೆ ಬಾಗಿಲು ತೆಗೆಯುತ್ತದೆ ಅನ್ನುವ ನಂಬಿಕೆ ಬಂತು ನೋಡಿ, ಅದರಿಂದ ಜನ ಬಂದರು. ಆ ನಂಬಿಕೆಯನ್ನು ನಾವು ಆಮೇಲೆ ಕಳೆದುಕೊಂಡೆವು. ಬುಕ್ಕಿಂಗು ಮಾಡಿದರೂ ಕೊನೇ ಗಳಿಗೆಯಲ್ಲಿ ತಪ್ಪಿಹೋಗುತ್ತದೆ ಅಂತಾದರೆ ಯಾವ ತಂಡ ತಾನೇ ಬರುತ್ತದೆ?

ಆಮೇಲೆ ನಾನು ಎರಡು ಸಲ ಹೆಗ್ಗೋಡಿನ ಸಂಸ್ಕೃತಿ ಶಿಬಿರಕ್ಕೂ ಹೋಗಿ ಬಂದೆ. ದಸರಾ ರಜೆಯ ಆಸುಪಾಸು, ಅಕ್ಟೋಬರಿನಲ್ಲಿ ನಡೆಯುತ್ತದೆ. ಬೆಳಿಗ್ಗೆ ಕವಿತೆ ಓದು, ಉಪನ್ಯಾಸ, ಚರ್ಚೆ. ಸಂಜೆ ನಾಟಕ. ರಾತ್ರಿ ನೋಡಿದ ನಾಟಕದ ಬಗ್ಗೆ ಮರುದಿನ ಬೆಳಿಗ್ಗೆ ಎಲ್ಲರೂ ಕೂತು ಮಾತಾಡುತ್ತಾರೆ. ಚೆನ್ನಾಗಿಲ್ಲ ಅಂದರೆ ಚೆನ್ನಾಗಿಲ್ಲ ಅಂತಲೇ ಹೇಳಬಹುದು. ಯು.ಆರ್. ಅನಂತಮೂರ್ತಿಯವರಂಥ ದೊಡ್ಡವರು ಕೂತ ಸಭೆಯಲ್ಲಿ ನನ್ನಂಥ ಪ್ರೈಮರಿ ಶಾಲೆ ಟೀಚರ್ ಕೈ ಎತ್ತಿ ಪ್ರಶ್ನೆ ಕೇಳಿದ್ದೇನೆ. ಅಲ್ಲಿಂದ ಬಂದ ಮೇಲೆಯೇ ನಾನು ಮಕ್ಕಳಿಗೆ ನಾಟಕ ಕಲಿಸಲು ಶುರು ಮಾಡಿದ್ದು. ಗಂಡ ಮಕ್ಕಳನ್ನು ಬಿಟ್ಟು ಒಂದು ವಾರ ನಾಟಕಕ್ಕೆ ಹೋದಳು ಅಂತ ಊರಲ್ಲಿ ಮಾತಾಡಿಕೊಂಡರು. ಆಡಿಕೊಳ್ಳಲಿ, ನನ್ನ ಜೀವನದ ಒಳ್ಳೆಯ ವಾರಗಳಲ್ಲಿ ಅವೆರಡೂ ಇವೆ.

1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು. ನೀನಾಸಂ ನಿಲ್ಲಲಿಲ್ಲ. ಅವರಿದ್ದಾಗಲೇ ಸುತ್ತಮುತ್ತ ಬೇರೆ ಕೆಲಸಗಳೂ ಬೆಳೆದಿದ್ದವು. ಪಕ್ಕದ ಭೀಮನಕೋಣೆಯಲ್ಲಿ ರಂಗನಿರ್ದೇಶಕ ಪ್ರಸನ್ನ ಅವರು ಹೆಣ್ಣುಮಕ್ಕಳನ್ನು ಸೇರಿಸಿ ಚರಕ ಅನ್ನುವ ಕೈಮಗ್ಗದ ಸಂಘ ಕಟ್ಟಿದರು. ಶರಾವತಿ ಹಿನ್ನೀರಿನ ಆಚೆ ತುಮರಿಯಲ್ಲಿ ಕಿನ್ನರ ಮೇಳದವರು ಮಕ್ಕಳ ನಾಟಕ ಮಾಡುತ್ತಾರೆ. ಒಂದು ಹಳ್ಳಿಯ ನಾಟಕ ಸಂಘದ ಸುತ್ತ ಇಷ್ಟು ಆಗುತ್ತದೆ ಅಂತ 1949ರಲ್ಲಿ ಯಾರಿಗೂ ಅಂದಾಜು ಇದ್ದಿರಲಿಕ್ಕಿಲ್ಲ.

ಹೆಗ್ಗೋಡನ್ನು ಹಾಗೇ ತಂದು ಇಲ್ಲಿ ಇಡಿ ಅಂತ ನಾನು ಕೇಳುತ್ತಿಲ್ಲ, ಅದು ಆಗುವ ಮಾತೂ ಅಲ್ಲ. ಜನ ಬರುವುದಿಲ್ಲ ಅನ್ನುವುದನ್ನು ಹಣೆಬರಹದ ಹಾಗೆ ಹೇಳಬೇಡಿ ಅಂತ ಮಾತ್ರ ಕೇಳುತ್ತಿದ್ದೇನೆ. ಬೇರೆ ಕಡೆಯೂ ಹೀಗೇ ನಡೆದಿದೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿದ್ದು, ರಾ.ಹ. ದೇಶಪಾಂಡೆಯವರು ಮತ್ತು ಅವರ ಜೊತೆಯವರಿಂದ. ಆಗ ಆ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು, ಕನ್ನಡಕ್ಕೆ ಹೇಳಿಕೊಳ್ಳುವ ಜಾಗ ಇರಲಿಲ್ಲ. ಕನ್ನಡ ಮಾತಾಡುವವರು ಒಂದೆಡೆ ಸೇರಿ ಕೂರುವ ಜಾಗ ಅಂತ ಆದದ್ದು, ಮುಂದೆ ಏಕೀಕರಣದ ಮಾತು ಬೆಳೆಯಲು ಆಸರೆಯಾಯಿತು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ 1963ರದ್ದು. 1961ರಲ್ಲಿ ಟಾಗೋರರ ನೂರನೇ ವರ್ಷ ಬಂದಾಗ ರಾಜ್ಯಗಳ ರಾಜಧಾನಿಗಳಲ್ಲಿ ರಂಗಮಂದಿರ ಕಟ್ಟುವ ಯೋಜನೆ ಆಯಿತು, ಅದರಲ್ಲಿ ಹುಟ್ಟಿದ್ದು. ಶಂಕರ್‌ನಾಗ್ ಹೋದ ಮೇಲೆ ಅವರ ಹೆಸರಿನಲ್ಲಿ ಅರುಂಧತಿ ನಾಗ್ ಅವರು ವರ್ಷಗಟ್ಟಲೆ ಓಡಾಡಿ ಕಟ್ಟಿದ ರಂಗಶಂಕರ 2004ರಲ್ಲಿ ಬಾಗಿಲು ತೆರೆಯಿತು. ಒಂದನ್ನು ಸಂಘ ಕಟ್ಟಿತು, ಒಂದನ್ನು ಸರ್ಕಾರ ಕಟ್ಟಿತು, ಒಂದನ್ನು ಕಲಾವಿದರು ಕಟ್ಟಿದರು.

ಇನ್ನು ಆದಾಯದ ಮಾತು. ಪುರಸಭೆಗೆ ದುಡ್ಡು ಬೇಕು, ನಲ್ಲಿ ನೀರಿಗೆ ಬೇಕು, ಚರಂಡಿಗೆ ಬೇಕು, ಪೌರಕಾರ್ಮಿಕರ ಸಂಬಳಕ್ಕೆ ಬೇಕು. ಇದು ನನಗೂ ಅರ್ಥ ಆಗುತ್ತದೆ. ಪೌರಕಾರ್ಮಿಕರ ಸಂಬಳ ತಡವಾಗಿ ನಾಟಕದ ಪರದೆ ಹೊಸದಾಗಲಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಪಾರ್ಕಿನಿಂದ ಎಷ್ಟು ಲಾಭ ಬಂತು ಅಂತ ನೀವು ಲೆಕ್ಕ ಹಾಕುತ್ತೀರಾ? ಲೈಬ್ರರಿಯಿಂದ? ಸಂವಿಧಾನದ 74ನೇ ತಿದ್ದುಪಡಿ 1992ರಲ್ಲಿ ಆಯಿತು, ನಿಮ್ಮಂಥ ಸಂಸ್ಥೆಗಳಿಗೆ ಬಲ ಬಂದದ್ದೇ ಅದರಿಂದ. ಅದರ ಜೊತೆ ಬಂದ 12ನೇ ಅನುಸೂಚಿಯಲ್ಲಿ ಪುರಸಭೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ನೀರು, ರಸ್ತೆ, ನೈರ್ಮಲ್ಯ, ಸ್ಮಶಾನ ಎಲ್ಲ ಇದೆ. 12ನೆಯದು ಪಾರ್ಕು, ಆಟದ ಮೈದಾನ. 13ನೆಯದು ಸಂಸ್ಕೃತಿ ಮತ್ತು ಶಿಕ್ಷಣಕ್ಕೆ ಪ್ರೋತ್ಸಾಹ ಕೊಡುವುದು. ರಂಗಮಂದಿರ ನಡೆಸುವುದು ನೀವು ನಮಗೆ ಮಾಡುವ ಉಪಕಾರ ಅಂತ ದಯವಿಟ್ಟು ತಿಳಿಯಬೇಡಿ, ನಿಮ್ಮ ಕೆಲಸದ ಪಟ್ಟಿಯಲ್ಲೇ ಅದಕ್ಕೆ ಜಾಗ ಇದೆ.

ಮದುವೆಯ ಬಗ್ಗೆ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಸಭೆಯಲ್ಲಿ ಒಬ್ಬರು ಆಟೋ ಓಡಿಸುವವರು ಎದ್ದು ನಿಂತು, ಟೀಚರ್, ಕಲ್ಯಾಣ ಮಂಟಪಕ್ಕೆ ನಮ್ಮ ಹತ್ತಿರ ಅಷ್ಟು ದುಡ್ಡಿಲ್ಲ, ನನ್ನ ತಂಗಿ ಮದುವೆ ಮಾಡಿದ್ದು ಇದೇ ರಂಗಮಂದಿರದಲ್ಲಿ ಅಂದರು. ಅವರು ಹೇಳಿದ್ದು ಸರಿ. ನಾನು ಆವತ್ತಿನವರೆಗೂ ಅದನ್ನು ಯೋಚಿಸಿರಲಿಲ್ಲ. ಬಡವರ ಮದುವೆಗೆ ಆ ಜಾಗ ಬೇಕು, ಕೊಡಲೇಬೇಕು. ವೇದಿಕೆಗೆ ಹಾನಿಯಾಗದ ಹಾಗೆ, ಅಡುಗೆಯನ್ನು ಹೊರಗಿನ ಶೆಡ್ಡಿನಲ್ಲಿ ಮಾಡುವ ಹಾಗೆ ವ್ಯವಸ್ಥೆ ಮಾಡಿದರೆ ಎರಡೂ ನಡೆಯುತ್ತದೆ. ಆದರೆ ಗುತ್ತಿಗೆಗೆ ಕೊಟ್ಟು ಎಸಿ ಹಾಕಿದ ಮೇಲೆ ಆ ಆಟೋದವರಿಗೆ ಅದು ಸಿಗುತ್ತದಾ? ಅವರಿಗೂ ಸಿಗುವುದಿಲ್ಲ, ಮಕ್ಕಳಿಗೂ ಸಿಗುವುದಿಲ್ಲ.

ಹಾಗಾಗಿ ನಾವು ಕೇಳುವುದು ಇಷ್ಟು. ಗುತ್ತಿಗೆಯ ವಿಷಯವನ್ನು ಮುಂದಿನ ಸಭೆಯಿಂದ ಕೈಬಿಡಿ. ಕೈಬಿಡಲಾಗದಿದ್ದರೆ ಮೊದಲು ಊರಿನವರ ಸಭೆ ಕರೆದು ಮಾತಾಡಿ, ಯೋಜನೆಯ ಕಾಗದಗಳನ್ನು ನೋಟಿಸ್ ಬೋರ್ಡಿಗೆ ಹಾಕಿ. ಮಾಹಿತಿ ಹಕ್ಕಿನ ಕಾಯ್ದೆ 2005ರಿಂದ ಇದೆ, ಜನ ಅರ್ಜಿ ಹಾಕುವವರೆಗೆ ಕಾಯದೆ ಇಂಥ ವಿಷಯಗಳನ್ನು ನೀವೇ ಪ್ರಕಟಿಸಬೇಕು ಅಂತ ಅದರ 4ನೇ ಸೆಕ್ಷನ್ನಿನಲ್ಲೇ ಇದೆ. ಬುಕ್ಕಿಂಗಿನ ಪಟ್ಟಿ ಬಾಗಿಲಲ್ಲೇ ತೂಗುಹಾಕಿ. ಒಮ್ಮೆ ರಶೀದಿ ಕೊಟ್ಟ ದಿನವನ್ನು ಬೇರೆಯವರಿಗೆ ಕೊಡಬೇಡಿ, ಕೇಳುವವರು ಎಷ್ಟೇ ದೊಡ್ಡವರಾಗಿರಲಿ. ನಾಟಕ, ಯಕ್ಷಗಾನ, ಸಂಗೀತ, ಶಾಲಾ ಕಾರ್ಯಕ್ರಮಗಳಿಗೆ ಬೇರೆ ಬಾಡಿಗೆ ಇರಲಿ, ವ್ಯಾಪಾರಕ್ಕೆ ಬೇರೆ ಇರಲಿ. ವಾರದಲ್ಲಿ ಮೂರು ಸಂಜೆ ತಾಲೀಮಿಗೆ ಬಿಟ್ಟುಕೊಡಿ.

ರಿಪೇರಿಯಲ್ಲಿ ಎಲ್ಲಕ್ಕಿಂತ ಮೊದಲು ಹೆಂಗಸರ ಶೌಚಾಲಯ ಮತ್ತು ನೀರು. ಇದನ್ನು ಎರಡನೆಯದಕ್ಕೆ ಇಡಬೇಡಿ. ನಾಟಕಕ್ಕೆ ಹೆಣ್ಣುಮಕ್ಕಳು ಬರುವುದಿಲ್ಲ ಅಂತ ಬೇಸರ ಮಾಡಿಕೊಳ್ಳುತ್ತೇವೆ, ಮೂರು ಗಂಟೆ ಕೂರುವ ಜಾಗದಲ್ಲಿ ಶೌಚಾಲಯಕ್ಕೆ ಬೀಗ ಇದ್ದರೆ ಅವರು ಹೇಗೆ ಬರುತ್ತಾರೆ? ಆಮೇಲೆ ವೇದಿಕೆಯ ಹಲಗೆ, ವೈರಿಂಗು, ಪರದೆ. ಬಣ್ಣದ ಕೋಣೆಯ ಸಾಮಾನುಗಳಿಗೆ ಬೇರೆ ಜಾಗ ನೋಡಿ. ಹೆಸರಿನ ಕಲ್ಲಿನ ಪೇಂಟು ಕೆರೆಸಿ, ದುಡ್ಡು ಕೊಟ್ಟವರ ಮೊಮ್ಮಕ್ಕಳು ಇನ್ನೂ ಇದೇ ಊರಿನಲ್ಲಿದ್ದಾರೆ.

ಇನ್ನೊಂದು, ನಮಗೆ ಮುಖ್ಯವಾದದ್ದು. ರಂಗಮಂದಿರ ನೋಡಿಕೊಳ್ಳಲು ಒಂದು ಸಮಿತಿ ಮಾಡಿ. ಪುರಸಭೆಯವರು ಇಬ್ಬರು ಇರಲಿ, ಉಳಿದವರು ಅಲ್ಲಿ ಕೆಲಸ ಮಾಡುವವರು. ಯಕ್ಷಗಾನದ ಹುಡುಗರು, ಮಹಿಳಾ ಸಮಾಜದವರು, ಶಾಲೆಗಳವರು, ಆ ಆಟೋದವರೂ ಇರಲಿ. ಬೀಗದ ಕೈಯ ಒಂದು ಜೊತೆ ಆ ಸಮಿತಿಯ ಹತ್ತಿರ ಇರಲಿ. ಈಗ ಬೀಗ ತೆಗೆಸಬೇಕು ಅಂದರೆ ಕಚೇರಿ ತೆರೆದಿರಬೇಕು, ಅಟೆಂಡರ್ ರಜೆಯಲ್ಲಿರಬಾರದು, ಸಾಹೇಬರ ಸಹಿ ಆಗಬೇಕು. ನಾಟಕದ ಕೆಲಸ ನಡೆಯುವುದೆಲ್ಲ ಸಂಜೆ ಆರರ ಮೇಲೆ ಮತ್ತು ಭಾನುವಾರ. ಆ ಹೊತ್ತಿನಲ್ಲಿ ನಿಮ್ಮ ಕಚೇರಿಗೆ ಬೀಗ.

ಎಲ್ಲವನ್ನೂ ನೀವೇ ಮಾಡಿ ಅಂತ ಬಿಟ್ಟು ಕೂರುವುದಿಲ್ಲ. ನಮ್ಮ ಹತ್ತಿರ 41 ಜನರ ಪಟ್ಟಿ ಇದೆ. ಬಡಗಿ ಇದ್ದಾರೆ, ಇಬ್ಬರು ಎಲೆಕ್ಟ್ರಿಷಿಯನ್ ಇದ್ದಾರೆ, ಪರದೆ ಹೊಲಿಯಲು ಮೂವರು ಟೈಲರ್ ಒಪ್ಪಿದ್ದಾರೆ. ಬಟ್ಟೆ ಕೊಡಿಸಿದರೆ ಸಾಕು, ಹೊಲಿಗೆಗೆ ದುಡ್ಡು ಬೇಡ ಅಂದಿದ್ದಾರೆ. ಏಪ್ರಿಲ್‌ನಲ್ಲಿ ಮಕ್ಕಳ ಬೇಸಿಗೆ ಶಿಬಿರ ನಡೆಸಲು ನಾನು ಮತ್ತು ಇನ್ನಿಬ್ಬರು ನಿವೃತ್ತ ಟೀಚರುಗಳು ತಯಾರಿದ್ದೇವೆ, ಸಂಬಳ ಬೇಡ. ತಿಂಗಳಿಗೊಂದು ಕಾರ್ಯಕ್ರಮ ತಪ್ಪದೆ ಒಂದು ವರ್ಷ ಮಾಡಿ ತೋರಿಸುತ್ತೇವೆ. ಪ್ರತಿ ಸಲ ಎಷ್ಟು ಜನ ಬಂದರು ಅಂತ ಎಣಿಸಿ ನಿಮಗೇ ಬರೆದು ಕೊಡುತ್ತೇವೆ, ಕಮ್ಮಿ ಬಂದರೂ ಮುಚ್ಚಿಡುವುದಿಲ್ಲ.

ಅಳಿಲಿನ ಪಾತ್ರ ಮಾಡಿದ ಹುಡುಗಿ ಈಗ ಐದನೇ ಕ್ಲಾಸು. ಅದೇ ನಾಟಕವನ್ನು ಇನ್ನೊಂದು ಸಲ, ರಂಗಮಂದಿರದ ಒಳಗೆ, ಮಾಡಬೇಕು ಅಂತ ಮಕ್ಕಳು ಹಠ ಹಿಡಿದಿದ್ದಾರೆ. ಅವಳ ಅಮ್ಮನಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಇಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಮುಂದಿನ ತಿಂಗಳು ಎರಡನೇ ಶನಿವಾರಕ್ಕೆ ದಿನ ಕೊಡಿ ಅಂತ ಅರ್ಜಿ ಕೊಟ್ಟು ಬಂದಿದ್ದೇವೆ, ಬಾಡಿಗೆಯೂ ಕಟ್ಟಿದ್ದೇವೆ.

ಅದಕ್ಕೂ ಮುಂಚೆ, ಬರುವ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾವು ಹದಿನೈದು ಇಪ್ಪತ್ತು ಜನ ಪೊರಕೆ, ಬಕೆಟ್ಟು ತೆಗೆದುಕೊಂಡು ರಂಗಮಂದಿರದ ಮುಂದೆ ಬಂದು ನಿಲ್ಲುತ್ತೇವೆ. ನೀರು ನಾವೇ ಟ್ಯಾಂಕರಿನಲ್ಲಿ ತರಿಸುತ್ತೇವೆ. ದಯವಿಟ್ಟು ಬೀಗ ತೆಗೆಯಲು ಯಾರನ್ನಾದರೂ ಕಳುಹಿಸಿ. ನೀವೇ ಬಂದರೆ ಇನ್ನೂ ಸಂತೋಷ, ತಿಂಡಿ ಮಹಿಳಾ ಸಮಾಜದವರು ಮಾಡುತ್ತಾರೆ.

ಇಂತಿ ನಿಮ್ಮ,
ನಿವೃತ್ತ ಶಾಲಾ ಶಿಕ್ಷಕಿ,
ಮತ್ತು ಜೊತೆಗೆ ಸಹಿ ಹಾಕಿದ ಊರಿನವರು